ಸಾವಿನ ದಾಖಲೆಯಿಂದ ಹುಟ್ಟೂರಿನ ಕಡೆಗೆ

ಸಮುದ್ರ ದಾಟಿ ಹೋದ ಕುಟುಂಬವೊಂದರ ಮೂಲವನ್ನು ಅರಸುವವರು ಸಹಜವಾಗಿಯೇ ಹುಟ್ಟಿನ ದಾಖಲೆಗಾಗಿ ಹುಡುಕುತ್ತಾರೆ. ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಭಾರತದ ಹಳ್ಳಿಗಳಿಂದ ಹೊರಟ ಕೂಲಿಕಾರರ ಪೈಕಿ ಹೆಚ್ಚಿನವರ ಹುಟ್ಟನ್ನು ಯಾರೂ ಬರೆದಿಡಲಿಲ್ಲ, ಎಲ್ಲೋ ಬರೆದಿಟ್ಟಿದ್ದರೂ ಆ ಹಳ್ಳಿ ಯಾವುದೆಂಬುದೇ ನಾಲ್ಕನೆಯ ತಲೆಮಾರಿನವರಿಗೆ ತಿಳಿದಿರುವುದಿಲ್ಲ. ಅಂಥವರ ಬದುಕಿನಲ್ಲಿ ಸರಕಾರವು ವಿವರವಾಗಿ ಬರೆದುಕೊಂಡ ಘಟನೆಗಳು ಹೆಚ್ಚೆಂದರೆ ಎರಡು ಮೂರು: ಹಡಗು ಹತ್ತಿದ್ದು, ಕೆಲವರ ಮಟ್ಟಿಗೆ ಮದುವೆಯಾದದ್ದು, ಕೊನೆಗೆ ಸತ್ತದ್ದು. ಇವುಗಳಲ್ಲಿ ಸಾವು ಇಂದಿನವರ ಕಾಲಕ್ಕೆ ಎಲ್ಲಕ್ಕಿಂತ ಹತ್ತಿರದ್ದು. ತಿಳಿದದ್ದರಿಂದ ತಿಳಿಯದುದರ ಕಡೆಗೆ, ಅಂದರೆ ಇಂದಿನಿಂದ ಹಿಂದಕ್ಕೆ ಹೆಜ್ಜೆಹೆಜ್ಜೆಯಾಗಿ ಸಾಗಬೇಕೆಂಬುದು ವಂಶಾವಳಿ ಸಂಶೋಧನೆಯ ಮೊದಲ ನಿಯಮವಾದ್ದರಿಂದ, ಸಾವಿನ ದಾಖಲೆಯೇ ಅದರ ಹೆಬ್ಬಾಗಿಲು. ದಕ್ಷಿಣ ಆಫ್ರಿಕದ ನಟಾಲ್ ಪ್ರಾಂತಕ್ಕೆ ಹೋದ ಭಾರತೀಯರ ವಂಶಜರು ಇಂದು ಅಂತರ್ಜಾಲದಲ್ಲಿ ಲಭ್ಯವಿರುವ ಮರಣ ದಾಖಲೆಗಳನ್ನು ಹಿಡಿದು ತಮ್ಮ ಹಿರಿಯರ ಹಳ್ಳಿಯವರೆಗೆ ಸಾಗುವ ಬಗೆ ಈ ನಿಯಮಕ್ಕೆ ಒಳ್ಳೆಯ ನಿದರ್ಶನ. ಆ ಹಳ್ಳಿಗಳಲ್ಲಿ ಹಳೆಯ ಮೈಸೂರು ಸೀಮೆಯವೂ ಇರುವುದರಿಂದ ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ.

ನಟಾಲ್ ಬ್ರಿಟಿಷರ ವಸಾಹತಾಗಿದ್ದಾಗ ಅಲ್ಲಿನ ಕಬ್ಬಿನ ತೋಟಗಳಿಗೆ ಆಳುಗಳು ಸಾಲದೆ ಹೋದುದರಿಂದ ಭಾರತದಿಂದ ಕರಾರು ಕೂಲಿಕಾರರನ್ನು ತರಿಸಲಾಯಿತು. ಕರಾರು ಎಂದರೆ ಗೊತ್ತಾದ ಕೂಲಿಗೆ ಐದು ವರ್ಷ ಒಬ್ಬ ಮಾಲೀಕನ ಬಳಿ ದುಡಿಯುವ ಒಪ್ಪಂದ. ಹತ್ತು ವರ್ಷ ವಸಾಹತಿನಲ್ಲಿ ಕಳೆದವರಿಗೆ ಊರಿಗೆ ಮರಳಲು ಹಡಗಿನ ಖರ್ಚು ಸಿಗುತ್ತಿತ್ತು. ಮದರಾಸಿನಿಂದ ಹೊರಟ ‘ಟ್ರುರೊ’ ಎಂಬ ಹಡಗು 342 ಜನರೊಂದಿಗೆ 1860ರ ನವೆಂಬರ್ 16ರಂದು ಡರ್ಬನ್ ಬಂದರನ್ನು ಮುಟ್ಟಿತು; ಆ ತಿಂಗಳು ಮುಗಿಯುವ ಮೊದಲೇ ಕಲ್ಕತ್ತದಿಂದ ‘ಬೆಲ್ವಿಡೇರ್’ ಬಂದಿತು. 1866ರಲ್ಲಿ ಈ ವಲಸೆ ನಿಂತು 1874ರಲ್ಲಿ ಮತ್ತೆ ಆರಂಭವಾಗಿ, 1911ರಲ್ಲಿ ಭಾರತ ಸರಕಾರವು ತಡೆಯುವವರೆಗೂ ನಡೆಯಿತು. ಒಟ್ಟು 1,52,184 ಜನ ಹೀಗೆ ಹೋದರು, ಅವರಲ್ಲಿ ಸುಮಾರು ಮೂರನೆಯ ಎರಡು ಪಾಲು ಮದರಾಸಿನ ಮೂಲಕ ಹೋದವರು. ಬಂದಿಳಿದ ಪ್ರತಿಯೊಬ್ಬರಿಗೂ, ತಾಯಿಯ ಕಂಕುಳಲ್ಲಿದ್ದ ಕೂಸಿಗೂ, ಒಂದು ಸಂಖ್ಯೆಯನ್ನು ಕೊಡಲಾಯಿತು. ಇದನ್ನು ವಸಾಹತು ಸಂಖ್ಯೆ ಎನ್ನುತ್ತಾರೆ. ಕರಾರು, ರಹದಾರಿ, ಮದುವೆಯ ನೋಂದಣಿ, ತೆರಿಗೆ, ಹೀಗೆ ಸರಕಾರದ ಜತೆಗಿನ ಎಲ್ಲ ವ್ಯವಹಾರದಲ್ಲೂ ಮನುಷ್ಯನ ಹೆಸರಿನ ಪಕ್ಕದಲ್ಲಿ ಈ ಸಂಖ್ಯೆ ಇರುತ್ತಿತ್ತು. ಜನರನ್ನು ಹತೋಟಿಯಲ್ಲಿಡಲು ಹುಟ್ಟಿಸಿದ ಈ ಸಂಖ್ಯೆಯೇ ಇಂದು ಅವರ ಮರಿಮಕ್ಕಳಿಗೆ ಮೂಲದ ಊರನ್ನು ತೋರಿಸಬಲ್ಲ ಅತ್ಯಂತ ಖಚಿತವಾದ ಆಧಾರವಾಗಿದೆ, ಮತ್ತು ಕುಟುಂಬದ ನೆನಪಿನಿಂದ ಅಳಿಸಿಹೋದ ಆ ಸಂಖ್ಯೆ ಮರಣದ ಕಾಗದಗಳಲ್ಲಿ ಸಿಗುವ ಸಾಧ್ಯತೆ ಹೆಚ್ಚು.

ಮರಣದ ಕಾಗದಗಳಲ್ಲಿ ಎರಡು ಬಗೆಗಳಿದ್ದು, ಇವೆರಡನ್ನೂ ಬೇರೆಬೇರೆಯಾಗಿ ಅರ್ಥ ಮಾಡಿಕೊಳ್ಳದಿದ್ದರೆ ಶೋಧ ದಿಕ್ಕು ತಪ್ಪುತ್ತದೆ. ಮೊದಲನೆಯದು ಸಾವಿನ ನೋಂದಣಿ, ಅಂದರೆ ಸರಕಾರದ ವಹಿಯಲ್ಲಿ ಸತ್ತವರ ಹೆಸರು, ವಯಸ್ಸು, ತಾರೀಖು, ಸ್ಥಳ ಮತ್ತು ಕಾರಣವನ್ನು ಬರೆದುಕೊಳ್ಳುವುದು. ನಮ್ಮಲ್ಲಿ ತಾಲ್ಲೂಕು ಕಚೇರಿಯಿಂದಲೋ ನಗರಸಭೆಯಿಂದಲೋ ಪಡೆಯುವ ಮರಣ ಪ್ರಮಾಣಪತ್ರ ಇದೇ ಜಾತಿಯದು. ಎರಡನೆಯದು ದಕ್ಷಿಣ ಆಫ್ರಿಕದ ಕಾನೂನಿನ ವಿಶೇಷ, ಅದನ್ನು ಮರಣ ಸೂಚನಾ ಪತ್ರ ಎನ್ನಬಹುದು. ಒಬ್ಬ ವ್ಯಕ್ತಿ ತೀರಿಕೊಂಡಾಗ ಅವನ ಆಸ್ತಿಯ ವಿಲೇವಾರಿಯನ್ನು ನೋಡಿಕೊಳ್ಳುವ, ಅಂದು ಸುಪ್ರೀಂ ಕೋರ್ಟಿಗೆ, ಈಗ ಹೈಕೋರ್ಟಿಗೆ ಸೇರಿದ ‘ಮಾಸ್ಟರ್’ ಎಂಬ ಅಧಿಕಾರಿಗೆ ಹತ್ತಿರದ ಬಂಧುವೋ ಸಾವು ಸಂಭವಿಸಿದ ಮನೆಯವರೋ ಇದನ್ನು ತುಂಬಿ ಕೊಡಬೇಕು. ಈಗ ಜಾರಿಯಲ್ಲಿರುವ 1965ರ ಕಾಯ್ದೆಯ ಪ್ರಕಾರ ಅದಕ್ಕೆ ಹದಿನಾಲ್ಕು ದಿನಗಳ ಗಡುವಿದೆ. ಹಕ್ಕುದಾರರು ಯಾರೆಂಬುದನ್ನು ಗೊತ್ತುಮಾಡುವುದೇ ಇದರ ಉದ್ದೇಶವಾದ್ದರಿಂದ ಸತ್ತವರ ತಂದೆತಾಯಿಗಳ ಹೆಸರು, ಹುಟ್ಟಿದ ಸ್ಥಳ, ಉದ್ಯೋಗ, ವಾಸದ ವಿಳಾಸ, ಮದುವೆಯಾದ ಸ್ಥಳ, ಬದುಕಿರುವ ಮತ್ತು ಮೊದಲೇ ತೀರಿಕೊಂಡ ಸಂಗಾತಿಯ ಹೆಸರು, ಮಕ್ಕಳೆಲ್ಲರ ಹೆಸರು, ಅವರಲ್ಲಿ ಪ್ರಾಯಕ್ಕೆ ಬಂದವರು ಯಾರು ಬಾರದವರು ಯಾರು, ಆಸ್ತಿ ಇದೆಯೆ, ಉಯಿಲು ಇದೆಯೆ ಎಂಬುದೆಲ್ಲ ಒಂದೇ ಹಾಳೆಯಲ್ಲಿ ಬರುತ್ತದೆ. ಸಾವಿನ ವಹಿಯಲ್ಲಿ ಒಬ್ಬ ಮನುಷ್ಯ ಮಾತ್ರ ಕಾಣುತ್ತಾನೆ, ಸೂಚನಾ ಪತ್ರದಲ್ಲಿ ಮೂರು ತಲೆಮಾರು ಕಾಣುತ್ತದೆ; ಆಸ್ತಿಯೇ ಇಲ್ಲದ ಬಡವರ ವಿಷಯದಲ್ಲಿ ಅನೇಕ ವೇಳೆ ಇದನ್ನು ಸಲ್ಲಿಸುತ್ತಲೇ ಇರಲಿಲ್ಲವೆಂಬುದು ಮಾತ್ರ ದೊಡ್ಡ ಕೊರತೆ.

ಡರ್ಬನ್ನಿನ ಮತ್ತು ಪೀಟರ್‌ಮಾರಿಟ್ಸ್‌ಬರ್ಗಿನ ಈ ಕಾಗದಗಳು ಬೆಂಗಳೂರಿನಲ್ಲಿ ಕುಳಿತವರಿಗೂ ಕಾಣುವಂತಾದುದರ ಹಿಂದೆ ಅಮೆರಿಕದ ಯೂಟಾ ರಾಜ್ಯದ ಒಂದು ಸಂಸ್ಥೆಯ ದುಡಿಮೆಯಿದೆ. ಮಾರ್ಮನ್ ಪಂಥದವರಿಗೆ ತಮ್ಮ ಪೂರ್ವಜರನ್ನು ಗುರುತಿಸುವುದು ಧಾರ್ಮಿಕ ಕರ್ತವ್ಯವಾದ್ದರಿಂದ ಅವರು 1894ರಲ್ಲಿ ವಂಶಾವಳಿ ಸಂಘವೊಂದನ್ನು ಸ್ಥಾಪಿಸಿ, 1938ರಿಂದ ಜಗತ್ತಿನ ನಾನಾ ದೇಶಗಳ ದಾಖಲೆಗಳ ಮೈಕ್ರೋಫಿಲ್ಮ್ ತೆಗೆಯತೊಡಗಿದರು. ಹೀಗೆ ಕೂಡಿದ ಸುಮಾರು 24 ಲಕ್ಷ ಸುರುಳಿಗಳನ್ನು ಡಿಜಿಟಲ್ ರೂಪಕ್ಕೆ ತರುವ ಕೆಲಸ 2021ರಲ್ಲಿ ಮುಗಿಯಿತು. ಅವರ ‘ಫ್ಯಾಮಿಲಿಸರ್ಚ್’ ತಾಣದಲ್ಲಿ ನಟಾಲಿನ ಸಾವಿನ ವಹಿಗಳೂ, ಸುಮಾರು 1950ರವರೆಗಿನ ಆಸ್ತಿ ಕಡತಗಳೂ ಇವೆ. ಹಣ ಕೊಡದೆ ಖಾತೆಯೊಂದನ್ನು ತೆರೆದವರು ಕೆಲವು ಚಿತ್ರಗಳನ್ನು ಮನೆಯಿಂದಲೇ ನೋಡಬಹುದು, ಇನ್ನು ಕೆಲವನ್ನು ಆ ಸಂಸ್ಥೆಯ ಕೇಂದ್ರಗಳಲ್ಲಿ ಮಾತ್ರ ನೋಡಬಹುದು. ಇದಕ್ಕೆ ಪೂರಕವಾಗಿ ದಕ್ಷಿಣ ಆಫ್ರಿಕದ ರಾಷ್ಟ್ರೀಯ ಪತ್ರಾಗಾರದ ಸೂಚಿಯೊಂದು ಅಂತರ್ಜಾಲದಲ್ಲಿದೆ. ಸೂಚಿ ಎಂದರೆ ಕಡತದ ಹೆಸರು, ವರ್ಷ, ಸಂಖ್ಯೆ, ಅದು ಯಾವ ಪತ್ರಾಗಾರದಲ್ಲಿದೆ ಎಂಬಷ್ಟನ್ನು ಹೇಳುವ ಪಟ್ಟಿಯೇ ಹೊರತು ಕಡತದ ಚಿತ್ರವಲ್ಲ. ಆದರೂ ನಟಾಲಿನ ಭಾರತೀಯರ ಮಟ್ಟಿಗೆ ಈ ಪಟ್ಟಿಯೇ ಬೆಲೆಬಾಳುವಂಥದು, ಏಕೆಂದರೆ ಒಂದೇ ಹೆಸರಿನ ಹತ್ತಾರು ಜನರನ್ನು ಬೇರ್ಪಡಿಸುವ ಅಗತ್ಯದಿಂದ ಹಿಂದಿನ ಗುಮಾಸ್ತರು ಕಡತದ ಶೀರ್ಷಿಕೆಯಲ್ಲೇ ಎಷ್ಟೋ ಕಡೆ ವಸಾಹತು ಸಂಖ್ಯೆಯನ್ನು ಸೇರಿಸಿದ್ದಾರೆ.

ದಾಖಲೆ ಕೈಗೆ ಸಿಕ್ಕಾಗ ಎಲ್ಲರ ಕಣ್ಣೂ ಹುಟ್ಟಿದ ಸ್ಥಳದ ಕಡೆಗೆ ಓಡುತ್ತದೆ. ಆದರೆ ಮೊದಲು ಓದಬೇಕಾದದ್ದು ಹಾಳೆಯ ತುದಿಯಲ್ಲಿರುವ ಸಹಿಯನ್ನು. ಸತ್ತವನು ತನ್ನ ಮರಣದ ದಾಖಲೆಗೆ ತಾನೇ ಮಾಹಿತಿ ಕೊಡಲಾರ. ಅದನ್ನು ಕೊಟ್ಟವರು ಬದುಕಿ ಉಳಿದ ಹೆಂಡತಿಯೋ ಮಗನೋ ಅಳಿಯನೋ ಪಕ್ಕದ ಮನೆಯವರೋ ಆಗಿರುತ್ತಾರೆ, ಇವರನ್ನು ಮಾಹಿತಿದಾರರು ಎನ್ನುತ್ತಾರೆ. ಸತ್ತ ದಿನ, ಸತ್ತ ಸ್ಥಳ, ಮಕ್ಕಳ ಹೆಸರು ಇವೆಲ್ಲ ಮಾಹಿತಿದಾರರು ಕಣ್ಣಾರೆ ಕಂಡದ್ದು. ತಂದೆತಾಯಿಗಳ ಹೆಸರು, ಹುಟ್ಟಿದ ಊರು, ವಯಸ್ಸು ಇವು ಅವರು ಕೇಳಿ ತಿಳಿದದ್ದು, ಅದೂ ಎಷ್ಟೋ ದಶಕಗಳ ಹಿಂದೆ, ಸಮುದ್ರದ ಆಚೆಯ ನಾಡಿನ ಬಗ್ಗೆ. ಹೀಗಾಗಿ ಒಂದೇ ಹಾಳೆಯ ಮೇಲೆ ಒಂದೇ ಶಾಯಿಯಲ್ಲಿ ಬರೆದ ಸಂಗತಿಗಳಿಗೆ ಎರಡು ಬಗೆಯ ವಿಶ್ವಾಸಾರ್ಹತೆ ಇದೆ. ಗಂಡನ ಸಾವಿಗೆ ಹೆಂಡತಿ ಕೊಟ್ಟ ಮಾಹಿತಿಯಲ್ಲಿ ಅತ್ತೆಯ ಹೆಸರು ಸರಿಯಿರುವ ಸಂಭವ ಹೆಚ್ಚು. ಅಜ್ಜಿಯನ್ನು ಕಾಣದ ಮೊಮ್ಮಗ ಕೊಟ್ಟಿದ್ದರೆ ಆ ಸ್ಥಳ ಖಾಲಿಯಿರುತ್ತದೆ ಅಥವಾ ಅಲ್ಲಿ ಊಹೆಯಿರುತ್ತದೆ. ಹುಟ್ಟಿದ ಸ್ಥಳದ ಮುಂದೆ ಬರಿಯ ‘ಇಂಡಿಯ’ ಎಂದಿದ್ದರೆ ಅದು ನಿರಾಶೆಯ ವಿಷಯವೆನಿಸಬಹುದು, ಆದರೆ ಅಷ್ಟರಿಂದಲೇ ಈ ವ್ಯಕ್ತಿ ವಸಾಹತಿನಲ್ಲಿ ಹುಟ್ಟಿದವನಲ್ಲ, ಹಡಗಿನಲ್ಲಿ ಬಂದವನು ಎಂಬುದು ಗೊತ್ತಾಗಿ ಶೋಧದ ಒಂದು ತಲೆಮಾರು ಮುಗಿಯುತ್ತದೆ. ‘ಮದರಾಸ್’ ಎಂದಿದ್ದರೆ ಅದು ನಗರವೂ ಆಗಿರಬಹುದು, ಹಡಗು ಹತ್ತಿದ ಬಂದರೂ ಆಗಿರಬಹುದು, ಇಡೀ ಪ್ರೆಸಿಡೆನ್ಸಿಯೂ ಆಗಿರಬಹುದು. ಪ್ರೆಸಿಡೆನ್ಸಿ ಎಂದರೆ ಬಳ್ಳಾರಿ, ದಕ್ಷಿಣ ಕನ್ನಡಗಳನ್ನೂ ಒಳಗೊಂಡಿದ್ದ ಅಂದಿನ ಆಡಳಿತ ಪ್ರಾಂತ.

ವಯಸ್ಸಿನ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಹುಟ್ಟಿದ ತಾರೀಖನ್ನು ಬರೆದಿಡದ ಸಮಾಜದಲ್ಲಿ ವಯಸ್ಸು ಅಂದಾಜಿನ ಮಾತು, ಅದು ಐವತ್ತು, ಅರುವತ್ತು, ಎಪ್ಪತ್ತು ಎಂಬ ದುಂಡು ಅಂಕಿಗಳ ಸುತ್ತ ಗುಂಪುಗೂಡುತ್ತದೆ. 1938ರಲ್ಲಿ ಎಪ್ಪತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡನೆಂದು ಬರೆದಿರುವ ಒಬ್ಬನನ್ನು ಇಟ್ಟುಕೊಂಡರೆ, ಅವನ ಹುಟ್ಟು 1863 ಎಂದು ಗಂಟು ಹಾಕಿಕೊಳ್ಳದೆ 1855ರಿಂದ 1870ರವರೆಗೆ ವಿಸ್ತರಿಸಿ ನೋಡಬೇಕು; ಅವನು 1870ರಲ್ಲಿ ಕರಾರು ಕೂಲಿಯಾಗಿ ಬಂದನೆಂದು ಮನೆಯವರು ಹೇಳಿದ್ದರೆ ಆ ಮಾತನ್ನು ಒಪ್ಪುವಂತಿಲ್ಲ, ಏಕೆಂದರೆ 1866ರಿಂದ 1874ರವರೆಗೆ ಹಡಗುಗಳೇ ಬರುತ್ತಿರಲಿಲ್ಲ. ಇತಿಹಾಸದ ಇಂಥ ಸಣ್ಣ ಸಂಗತಿಗಳು ಕುಟುಂಬದ ಕಥೆಗಳನ್ನು ಒರೆಗೆ ಹಚ್ಚಲು ನೆರವಾಗುತ್ತವೆ. ಸಾವಿನ ಕಾರಣದ ಸಾಲಿನಲ್ಲಿ ಇಂದು ಬಳಕೆಯಲ್ಲಿಲ್ಲದ ವೈದ್ಯಕೀಯ ಪದಗಳು ಬರುತ್ತವೆ. ‘ಥೈಸಿಸ್’ ಎಂದಿದ್ದರೆ ಅದು ಕ್ಷಯ.

ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿಯುವುದು ಹೆಸರಿನ ತೊಡಕು. ದಕ್ಷಿಣ ಭಾರತದ ಹಳ್ಳಿಯವರಿಗೆ ಪಾಶ್ಚಾತ್ಯರ ಮಾದರಿಯ ಕುಟುಂಬದ ಹೆಸರು ಇರಲಿಲ್ಲ. ತಂದೆಯ ಹೆಸರೋ ಊರಿನ ಹೆಸರೋ ಮುಂದೆ ಬರುತ್ತಿತ್ತು, ಅಷ್ಟೆ. ವಸಾಹತಿನ ಕಚೇರಿಗಳಿಗೆ ಕುಟುಂಬದ ಹೆಸರು ಬೇಕೇ ಬೇಕಾಗಿದ್ದುದರಿಂದ, ಹಡಗಿನಲ್ಲಿ ಬಂದವನ ಸ್ವಂತ ಹೆಸರೇ ಮಕ್ಕಳಿಗೆ ಉಪನಾಮವಾಗಿ ಅಂಟಿಕೊಂಡ ನಿದರ್ಶನಗಳು ಬಹಳ. ಇಂಥ ಕಡೆ ಇಂದಿನ ಉಪನಾಮವನ್ನೇ ಹಡಗಿನ ಪಟ್ಟಿಯಲ್ಲಿ ವ್ಯಕ್ತಿಯ ಹೆಸರಾಗಿ ಹುಡುಕಬೇಕು. ಇನ್ನು ಕೆಲವು ಮನೆತನಗಳಲ್ಲಿ ಜಾತಿಸೂಚಕ ಹೆಸರು ಉಪನಾಮವಾಯಿತು, ಅದೂ ಆಂಗ್ಲ ಗುಮಾಸ್ತನ ಕಿವಿಗೆ ಬಿದ್ದಂತೆ: ಗೌಂಡರ್ ಗೋವೆಂಡರ್ ಆಗಿ, ಮುದಲಿಯಾರ್ ಮೂಡ್ಲಿಯಾಗಿ ನಿಂತವು. ಈ ಬದಲಾವಣೆ ಎರಡು ಹಂತಗಳಲ್ಲಿ ಆಯಿತು, ಮೊದಲು ಮದರಾಸಿನ ವಲಸೆ ಡಿಪೋದಲ್ಲಿ, ಆಮೇಲೆ ಡರ್ಬನ್ನಿನ ಕಚೇರಿಯಲ್ಲಿ; ಹಾಗಾಗಿ ಒಬ್ಬನ ಹೆಸರು ಹಡಗಿನ ಪಟ್ಟಿಯಲ್ಲಿ ಒಂದು ಕಾಗುಣಿತದಲ್ಲಿ, ಮದುವೆಯ ವಹಿಯಲ್ಲಿ ಇನ್ನೊಂದರಲ್ಲಿ, ಮರಣದ ಕಾಗದದಲ್ಲಿ ಮತ್ತೊಂದರಲ್ಲಿ ಇರುವುದು ಅಪವಾದವಲ್ಲ, ವಾಡಿಕೆ.

ಅಂತರ್ಜಾಲದ ಹುಡುಕಾಟ ಯಂತ್ರಗಳು ಈ ತೊಡಕಿಗೆ ಪರಿಹಾರವೆಂದು ‘ಸೌಂಡೆಕ್ಸ್’ ಎಂಬ ಪದ್ಧತಿಯನ್ನು ಬಳಸುವುದುಂಟು. ಅಮೆರಿಕದ ರಾಬರ್ಟ್ ರಸೆಲ್ 1918ರಲ್ಲಿ ಪೇಟೆಂಟ್ ಪಡೆದ ಈ ಪದ್ಧತಿ ಹೆಸರಿನ ಮೊದಲ ಅಕ್ಷರವನ್ನು ಹಾಗೆಯೇ ಇಟ್ಟುಕೊಂಡು, ಸ್ವರಗಳನ್ನು ಬಿಟ್ಟು, ಉಳಿದ ವ್ಯಂಜನಗಳಿಗೆ ಉಚ್ಚಾರದ ಸಾಮ್ಯದ ಮೇಲೆ ಅಂಕಿಗಳನ್ನು ಕೊಡುತ್ತದೆ, ಇದರಿಂದ ಬೇರೆಬೇರೆ ಕಾಗುಣಿತದ ಒಂದೇ ಹೆಸರು ಒಂದೇ ಸಂಕೇತಕ್ಕೆ ಬಂದು ಸೇರುತ್ತದೆ. ಕುಪ್ಪುಸಾಮಿ ಎಂಬ ಹೆಸರಿಗೆ ಬರುವ ಅಂಕಿಗಳು 125. ಆದರೆ ಅದನ್ನು ಒಬ್ಬ ಗುಮಾಸ್ತ ಇಂಗ್ಲಿಷಿನ ‘ಸಿ’ ಅಕ್ಷರದಿಂದಲೂ ಇನ್ನೊಬ್ಬ ‘ಕೆ’ ಅಕ್ಷರದಿಂದಲೂ ಆರಂಭಿಸಿದ್ದರೆ ಅಂಕಿಗಳು ಒಂದೇ ಆದರೂ ಮೊದಲ ಅಕ್ಷರ ಬೇರೆಯಾದುದರಿಂದ ಎರಡೂ ಒಟ್ಟಿಗೆ ಸಿಗುವುದಿಲ್ಲ. ವೀರ ಮತ್ತು ಬೀರ ಎಂದು ಆರಂಭವಾಗುವ ಹೆಸರುಗಳ ಗತಿಯೂ ಇದೇ, ಮತ್ತು ಕನ್ನಡ ನಾಡಿನ ಹೆಸರುಗಳಲ್ಲಿ ವಕಾರ ಬಕಾರಗಳ ಈ ಅದಲುಬದಲು ಎಷ್ಟು ಸಾಮಾನ್ಯವೆಂಬುದನ್ನು ಹೇಳಬೇಕಾಗಿಲ್ಲ. ಹೀಗಾಗಿ ಯಂತ್ರವನ್ನು ನೆಚ್ಚಿ ಕೂರದೆ, ಅಕ್ಷರಗಳ ಸ್ಥಾನದಲ್ಲಿ ನಕ್ಷತ್ರ ಚಿಹ್ನೆಯನ್ನೋ ಪ್ರಶ್ನಾರ್ಥಕ ಚಿಹ್ನೆಯನ್ನೋ ಹಾಕಿ ಹುಡುಕುವುದು, ಹೆಸರನ್ನು ಪೂರ್ತಿ ಬಿಟ್ಟು ಊರು ಮತ್ತು ವರ್ಷವನ್ನಷ್ಟೇ ಕೊಟ್ಟು ಹುಡುಕುವುದು, ಕೊನೆಗೆ ವಹಿಯ ಪುಟಗಳನ್ನು ಒಂದೊಂದಾಗಿ ಓದುವುದು ಹೆಚ್ಚು ಫಲ ಕೊಡುತ್ತವೆ.

ಹೆಣ್ಣುಮಕ್ಕಳ ಜಾಡು ಹಿಡಿಯಬೇಕಾದರೆ ಅಂದಿನ ಮದುವೆಯ ಕಾನೂನು ತಿಳಿದಿರಬೇಕು. ಹೆಚ್ಚಿನ ಹೆಂಗಸರ ಹೆಸರಿನಲ್ಲಿ ಆಸ್ತಿ ಇರಲಿಲ್ಲವಾದ್ದರಿಂದ ಅವರ ಹೆಸರಿನ ಕಡತವೂ ಇರುವುದಿಲ್ಲ. ಅವರು ಸಿಗುವುದು ಗಂಡನ ಅಥವಾ ಮಕ್ಕಳ ಸೂಚನಾ ಪತ್ರದಲ್ಲಿ. ಅಲ್ಲಿಯೂ ಹಿಂದೂ ಅಥವಾ ಮುಸ್ಲಿಂ ವಿಧಿಯಂತೆ ನಡೆದ ಮದುವೆಗಳ ಸಿಂಧುತ್ವ ಅನಿಶ್ಚಿತವಾಗಿತ್ತು. 1913ರ ಮಾರ್ಚಿಯಲ್ಲಿ ಕೇಪ್ ಪ್ರಾಂತದ ನ್ಯಾಯಾಧೀಶ ಸರ್ಲ್ ಅವರು ಬಹುಪತ್ನಿತ್ವಕ್ಕೆ ಅವಕಾಶವಿರುವ ಧರ್ಮದ ಪ್ರಕಾರ ಆದ ವಿವಾಹಕ್ಕೆ ಕಾನೂನಿನ ಮಾನ್ಯತೆ ಇಲ್ಲವೆಂದು ತೀರ್ಪಿತ್ತಾಗ ಸಾವಿರಾರು ಹೆಂಗಸರ ಪತ್ನಿ ಎಂಬ ಸ್ಥಾನವೇ ಅಲುಗಾಡಿತು. ಗಾಂಧೀಜಿಯವರ ಆ ವರ್ಷದ ಸತ್ಯಾಗ್ರಹದಲ್ಲಿ ಮಹಿಳೆಯರು ಮುಂದೆ ನಿಂತು ಸೆರೆಮನೆಗೆ ಹೋದುದಕ್ಕೆ ಇದು ಒಂದು ಮುಖ್ಯ ಕಾರಣ. ಕರಾರು ಮುಗಿಸಿದವರ ಮೇಲೆ 1895ರ ಕಾನೂನು ಹೇರಿದ್ದ ವರ್ಷಕ್ಕೆ ಮೂರು ಪೌಂಡಿನ ತೆರಿಗೆಯೂ, ಮದುವೆಯ ಈ ಅನ್ಯಾಯವೂ 1914ರ ಕಾಯ್ದೆಯಿಂದ ಬಹುಮಟ್ಟಿಗೆ ನಿವಾರಣೆಯಾದವು. ಹಳೆಯ ಕಡತದಲ್ಲಿ ಹೆಂಡತಿಯ ಹೆಸರಿನ ಮುಂದೆ ಮದುವೆಯಾಗಿಲ್ಲವೆಂಬ ಮಾತು ಕಂಡರೆ ಅದು ಆ ಹೆಣ್ಣಿನ ಬದುಕಿನ ವರ್ಣನೆಯಲ್ಲ, ಆ ಕಾಲದ ಕಾನೂನಿನ ನೋಟ ಎಂದು ತಿಳಿಯಬೇಕು; ವಂಶಜರು ಇಂಥ ಸಾಲನ್ನು ಓದಿ ನಾಚಿ ಕಾಗದವನ್ನು ಮುಚ್ಚಿಡುವುದಕ್ಕೆ ಯಾವ ಕಾರಣವೂ ಇಲ್ಲ.

ವಿಳಾಸದ ಸಾಲನ್ನು ಕಡೆಗಣಿಸಬಾರದು. ಡರ್ಬನ್ ನಗರಸಭೆಯ ಭಾರತೀಯ ಕಾರ್ಮಿಕರು ವಾಸವಾಗಿದ್ದ ಮ್ಯಾಗಜೀನ್ ಬ್ಯಾರಕ್ಸ್ ಇಂದು ಇಲ್ಲ. 1950ರ ಗ್ರೂಪ್ ಏರಿಯಾಸ್ ಕಾಯ್ದೆ ಜನಾಂಗಕ್ಕೊಂದು ಬಡಾವಣೆಯೆಂದು ವಿಭಜಿಸಿದ ಮೇಲೆ ಅಲ್ಲಿನವರನ್ನು ಚಾಟ್ಸ್‌ವರ್ತಿಗೆ ಸಾಗಿಸಲಾಯಿತು. ಮರಣದ ಕಾಗದದಲ್ಲಿ ಬ್ಯಾರಕ್ಸಿನ ಹೆಸರಿದ್ದರೆ ಆ ವ್ಯಕ್ತಿ ನಗರಸಭೆಯ ಕೆಲಸದಲ್ಲಿದ್ದನೆಂದೋ ಅಂಥವರ ಮನೆಯವನೆಂದೋ ತಿಳಿಯುತ್ತದೆ. ಕಬ್ಬಿನ ತೋಟದ ಹೆಸರಿದ್ದರೆ ಮಾಲೀಕನ ಹೆಸರು ಸಿಗುತ್ತದೆ, ಮಾಲೀಕನ ಹೆಸರು ಹಡಗಿನ ಪಟ್ಟಿಯೊಂದಿಗೆ ತಾಳೆ ನೋಡಲು ಬೇಕಾಗುತ್ತದೆ.

ಹಡಗಿನ ಪಟ್ಟಿಗಳೇ ಈ ಶೋಧದ ಎರಡನೆಯ ಮಜಲು. ವಲಸೆಗಾರರ ಹೊಣೆ ಹೊತ್ತಿದ್ದ ‘ಪ್ರೊಟೆಕ್ಟರ್’ ಎಂಬ ಅಧಿಕಾರಿಯ ಕಚೇರಿಯಲ್ಲಿ ಸಂಗ್ರಹವಾದ ಈ ವಹಿಗಳಲ್ಲಿ ವಸಾಹತು ಸಂಖ್ಯೆ, ಹೆಸರು, ತಂದೆಯ ಹೆಸರು, ವಯಸ್ಸು, ಲಿಂಗ, ಜಾತಿ, ಜಿಲ್ಲೆ, ತಾಲ್ಲೂಕು ಅಥವಾ ಠಾಣೆ, ಹಳ್ಳಿ, ಮೈಮೇಲಿನ ಗುರುತು, ಮಾಲೀಕನ ಹೆಸರು ಇವಿಷ್ಟು ಇರುತ್ತವೆ. ಡರ್ಬನ್ನಿನ ವಿಶ್ವವಿದ್ಯಾಲಯಕ್ಕೆ ಸೇರಿದ ಗಾಂಧಿ-ಲುಥುಲಿ ದಾಖಲೆ ಕೇಂದ್ರ ಇವುಗಳನ್ನು ಗಣಕಕ್ಕೆ ಅಳವಡಿಸಿ ಶೋಧಕರಿಗೆ ಒದಗಿಸಿದೆ. ಸಂಖ್ಯೆ ಗೊತ್ತಿದ್ದರೆ ಹಳ್ಳಿ ಕೆಲವೇ ನಿಮಿಷಗಳಲ್ಲಿ ಸಿಗುತ್ತದೆ. ಗೊತ್ತಿಲ್ಲದಿದ್ದರೆ ಹೆಸರು, ತಂದೆಯ ಹೆಸರು, ಅಂದಾಜು ವಯಸ್ಸು, ಮಾಲೀಕ ಈ ನಾಲ್ಕರಲ್ಲಿ ಮೂರಾದರೂ ಹೊಂದುವವರೆಗೆ ಯಾರನ್ನೂ ತಮ್ಮ ಮುತ್ತಜ್ಜನೆಂದು ಒಪ್ಪಬಾರದು. ರಾಮಸಾಮಿ, ಮುನಿಸಾಮಿ, ವೀರಮ್ಮ ಮೊದಲಾದ ಹೆಸರಿನವರು ಆ ವಹಿಗಳಲ್ಲಿ ಲೆಕ್ಕವಿಲ್ಲದಷ್ಟು ಇದ್ದಾರೆ, ಬಯಕೆಯ ಅವಸರದಲ್ಲಿ ಬೇರೆಯವರ ಹಿರಿಯನನ್ನು ತಮ್ಮವನನ್ನಾಗಿ ಮಾಡಿಕೊಂಡರೆ ಆ ತಪ್ಪು ಅಂತರ್ಜಾಲದ ವಂಶವೃಕ್ಷಗಳಲ್ಲಿ ನಕಲಾಗುತ್ತ ಹರಡುತ್ತದೆ. ಬೇರೆ ವಸಾಹತುಗಳಲ್ಲೂ ಇಂಥ ಸಂಪತ್ತಿದೆ: ಮಾರಿಷಸ್ಸಿನ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿ ಅಲ್ಲಿನ ವಲಸೆಗಾರರ ಭಾವಚಿತ್ರಗಳೂ ಇವೆ, ಸುರಿನಾಮಿಗೆ ಹೋದ ಸುಮಾರು 34,000 ಜನರ ವಿವರ ನೆದರ್‌ಲೆಂಡ್ಸಿನ ರಾಷ್ಟ್ರೀಯ ಪತ್ರಾಗಾರದ ತಾಣದಲ್ಲಿದೆ.

ಈ ಪಟ್ಟಿಗಳ ಜಿಲ್ಲೆಯ ಅಂಕಣದಲ್ಲಿ ಆರ್ಕಾಟು, ವಿಶಾಖಪಟ್ಟಣ, ತಂಜಾವೂರುಗಳ ಜತೆಗೆ ಮೈಸೂರು ಎಂಬ ನಮೂದೂ ಬರುತ್ತದೆ. 1876ರಿಂದ 1878ರವರೆಗಿನ ಧಾತು ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಎಷ್ಟು ಕುಸಿಯಿತೆಂಬುದನ್ನು 1871ರ ಗಣತಿಯ ಸುಮಾರು 50.5 ಲಕ್ಷ 1881ರಲ್ಲಿ 41.9 ಲಕ್ಷಕ್ಕೆ ಇಳಿದದ್ದೇ ಹೇಳುತ್ತದೆ; ಊರು ಬಿಟ್ಟು ಮದರಾಸಿನ ಕಡೆಗೆ ನಡೆದವರಲ್ಲಿ ಕೆಲವರಾದರೂ ಡಿಪೋದ ಬಾಗಿಲನ್ನು ಮುಟ್ಟಿದ್ದರೆ ಆಶ್ಚರ್ಯವಿಲ್ಲ. ಆದರೆ ಜಿಲ್ಲೆ ಮೈಸೂರೆಂದ ಮಾತ್ರಕ್ಕೆ ಆ ವ್ಯಕ್ತಿಯ ಮನೆಮಾತು ಕನ್ನಡವೆಂದು ತೀರ್ಮಾನಿಸುವುದು ಸರಿಯಲ್ಲ, ಏಕೆಂದರೆ ಸಂಸ್ಥಾನದ ಪೂರ್ವದ ತಾಲ್ಲೂಕುಗಳಲ್ಲಿ ತೆಲುಗು ತಮಿಳುಗಳನ್ನಾಡುವವರು ತುಂಬ ಇದ್ದರು. ಹಾಗೆಯೇ ಸೇಲಂ ಜಿಲ್ಲೆಗೆ ಸೇರಿದ್ದ ಹೊಸೂರಿನವನು ಕನ್ನಡಿಗನಾಗಿರಬಹುದು. ದಕ್ಷಿಣ ಆಫ್ರಿಕದ 1996ರ ಸಂವಿಧಾನ ಅಲ್ಲಿನ ಸಮುದಾಯಗಳ ಭಾಷೆಗಳಾಗಿ ತಮಿಳು, ತೆಲುಗು, ಹಿಂದಿ, ಗುಜರಾತಿ, ಉರ್ದುಗಳನ್ನು ಹೆಸರಿಸುತ್ತದೆ, ಕನ್ನಡವನ್ನು ಹೆಸರಿಸುವುದಿಲ್ಲ. ಕನ್ನಡ ಮಾತಿನ ಕೆಲವು ಕುಟುಂಬಗಳು ತೋಟದ ಸಾಲುಮನೆಗಳಲ್ಲಿ ತಮಿಳರೊಡನೆಯೋ ತೆಲುಗರೊಡನೆಯೋ ಬೆರೆತುಹೋಗಿದ್ದರೆ, ಅವರು ಎಲ್ಲಿಂದ ಬಂದವರೆಂಬುದಕ್ಕೆ ಇರಬಹುದಾದ ಒಂದೇ ಸಾಕ್ಷ್ಯ ಹಡಗಿನ ಪಟ್ಟಿಯ ಆ ಒಂದು ಸಾಲು.

ಹಳ್ಳಿಯ ಹೆಸರು ಸಿಕ್ಕ ಮೇಲೆ ಅದು ಯಾವ ಹಳ್ಳಿಯೆಂಬುದನ್ನು ಬಿಡಿಸುವ ಕೆಲಸ ಕರ್ನಾಟಕದ ದಾಖಲೆಗಳಿಗೆ ಸೇರಿದ್ದು. ಹೊಸಹಳ್ಳಿ, ಚಿಕ್ಕನಹಳ್ಳಿಗಳು ತಾಲ್ಲೂಕಿಗೆ ಹಲವು ಇರುವುದರಿಂದ ತಾಲ್ಲೂಕಿನ ಅಂಕಣವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಬಿ. ಎಲ್. ರೈಸ್ ಅವರ ಮೈಸೂರು ಗೆಜೆಟಿಯರು ಅಂದಿನ ತಾಲ್ಲೂಕುಗಳ ಗಡಿಯನ್ನು ತಿಳಿಸುತ್ತದೆ, ಸ್ವಾತಂತ್ರ್ಯಾನಂತರದ ಜಿಲ್ಲಾ ಜನಗಣತಿ ಕೈಪಿಡಿಗಳು ಹಳ್ಳಿಗಳ ಪಟ್ಟಿ ಕೊಡುತ್ತವೆ. ಜನನ ಮರಣಗಳ ನೋಂದಣಿಯನ್ನು ದೇಶದಾದ್ಯಂತ ಕಡ್ಡಾಯಗೊಳಿಸಿದ್ದು 1969ರ ಕಾಯ್ದೆಯಾದ್ದರಿಂದ, ರಾಜ್ಯದ ‘ಇ-ಜನ್ಮ’ದಂಥ ಆಧುನಿಕ ವ್ಯವಸ್ಥೆಗಳು ನೂರೈವತ್ತು ವರ್ಷ ಹಿಂದಕ್ಕೆ ಹೋಗಲಾರವು. ಆ ಕಾಲಕ್ಕೆ ತಲುಪಬಲ್ಲ ಒಂದು ದೇಶೀಯ ಪರಂಪರೆ ಕರ್ನಾಟಕದಲ್ಲಿ, ವಿಶೇಷವಾಗಿ ಉತ್ತರ ಭಾಗದಲ್ಲಿ, ಇನ್ನೂ ಉಳಿದಿದೆ: ಎತ್ತನ್ನೇರಿ ಊರೂರು ಸುತ್ತಿ, ತಮ್ಮ ಒಕ್ಕಲು ಮನೆತನಗಳ ವಂಶವನ್ನು ಹಾಡಿ ಹೊಗಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಪುಸ್ತಕಕ್ಕೆ ಸೇರಿಸಿಕೊಂಡು ಹೋಗುವ ಹೆಳವರದು. ಅವರ ಪುಸ್ತಕಗಳು ಎಲ್ಲ ಜಾತಿಗಳನ್ನೂ ಎಲ್ಲ ಸೀಮೆಗಳನ್ನೂ ಒಳಗೊಂಡಿಲ್ಲ. ಆದರೂ ಒಳಗೊಂಡಿರುವ ಕಡೆಗಳಲ್ಲಿ ಅವರು ಮೊದಲು ಕೇಳುವ ಊರು, ಕುಲ, ತಂದೆಯ ಹೆಸರುಗಳು ಹಡಗಿನ ಪಟ್ಟಿಯಲ್ಲಿಯೂ ಇರುವುದರಿಂದ ಎರಡನ್ನೂ ಎದುರುಬದುರು ಇಟ್ಟು ಓದಲು ಸಾಧ್ಯವಿದೆ. ಹರಿದ್ವಾರದಲ್ಲಿ ಯಾತ್ರಿಕರ ವಂಶಾವಳಿಯನ್ನು ಬರೆದಿಡುವ ಪಂಡಾಗಳ ವಹಿಗಳನ್ನು ಯೂಟಾದ ಸಂಸ್ಥೆ ಚಿತ್ರೀಕರಿಸಿ ಅಂತರ್ಜಾಲದಲ್ಲಿ ಇಟ್ಟಿರುವಂತೆ, ಹೆಳವರ ಪುಸ್ತಕಗಳನ್ನೂ ಅವರ ಒಪ್ಪಿಗೆ ಪಡೆದು, ತಲೆತಲಾಂತರದ ಅವರ ಹಕ್ಕಿಗೂ ಜೀವನೋಪಾಯಕ್ಕೂ ಕುಂದು ಬಾರದಂತೆ ಚಿತ್ರೀಕರಿಸುವ ಕೆಲಸವನ್ನು ಕರ್ನಾಟಕದ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕು. ಡರ್ಬನ್ನಿನಿಂದ ಒಂದು ಸಂಖ್ಯೆಯನ್ನೂ ಒಂದು ಹಳ್ಳಿಯ ಹೆಸರನ್ನೂ ಹಿಡಿದು ಬರುವವರಿಗೆ ಇಲ್ಲಿ ತೋರಿಸಲು ಅಂಥ ಪುಸ್ತಕಗಳು ಬೇಕಾಗುತ್ತವೆ.